ಯಾರದೂ ಅಲ್ಲದ ನೆಲ

ಆಸ್ಟ್ರೇಲಿಯದ ಮೂಲನಿವಾಸಿಗಳ ಭೂಮಿ ಕೈತಪ್ಪಿದ ಬಗೆ: ಒಂದು ಅಭ್ಯಾಸ ಪಾಠ

ನೆಲದ ದಾಖಲೆಗೆ ಎಷ್ಟು ಬೆಲೆಯೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿಯುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಅಜ್ಜನ ಕಾಲದ ಒಂದು ತುಂಡು ಹೊಲವೋ ಮನೆಯ ಹಿತ್ತಲೋ ಇರುತ್ತದೆ. ಊರಿಗೆ ಹೋದಾಗ ಉತಾರದಲ್ಲಿ, ಪಹಣಿಯಲ್ಲಿ ಹೆಸರು ಸರಿಯಾಗಿದೆಯೇ ಎಂದು ನೋಡಿ ಬರುವುದೂ ಉಂಟು. ಹೆಸರು ದಾಖಲೆಯಲ್ಲಿದ್ದರೆ ಧೈರ್ಯ. ಇಲ್ಲವಾದರೆ ಮೂರು ತಲೆ ಉತ್ತ ನೆಲವಾದರೂ ಅದನ್ನು ನಮ್ಮದೆಂದು ಸಾಧಿಸುವುದು ಕಷ್ಟ.

ಹೀಗಿರಲಾಗಿ, ಒಂದು ಇಡೀ ಖಂಡದ ಜನರ ಹೆಸರನ್ನೇ ಕೈಬಿಟ್ಟು, ‘ಈ ನೆಲ ಯಾರದೂ ಅಲ್ಲ’ ಎಂಬ ಭಾವನೆಯ ಮೇಲೆ ಹೊಸ ದಾಖಲೆ ಬರೆದುಕೊಂಡರೆ ಏನಾದೀತು? ಆಸ್ಟ್ರೇಲಿಯದಲ್ಲಿ 1788ರಿಂದ 1992ರವರೆಗೆ, ಎರಡು ನೂರು ವರ್ಷಕ್ಕೂ ಮೇಲೆ, ಆದದ್ದು ಇದೇ. ಬಂದೂಕು ಮತ್ತು ರೋಗರುಜಿನಗಳು ಅಲ್ಲಿನ ಮೂಲನಿವಾಸಿಗಳನ್ನು ಕೊಂದುವು, ಓಡಿಸಿದುವು. ಆದರೆ ಕಸಿದುಕೊಂಡ ನೆಲವು ಕಸಿದವರ ಬಳಿಯಲ್ಲೇ ತಲೆತಲಾಂತರಕ್ಕೆ ಉಳಿಯುವಂತೆ ಮಾಡಿದ್ದು ಕಾನೂನು. ಆ ಕಾನೂನು ಹೇಗೆ ಹುಟ್ಟಿತು, ಹೇಗೆ ಬೇರೂರಿತು, ತಪ್ಪೆಂದು ಒಪ್ಪಿಕೊಂಡ ಮೇಲೂ ಅದರ ಫಲ ಏಕೆ ಅಳಿಯಲಿಲ್ಲ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಇಂಗ್ಲೀಷರ ಕಾನೂನಿನ ಎರಡು ಬಗೆ

ವಿಲಿಯಂ ಬ್ಲಾಕ್‌ಸ್ಟೋನ್ ಎಂಬ ಇಂಗ್ಲೀಷ್ ನ್ಯಾಯಶಾಸ್ತ್ರಜ್ಞನು ತನ್ನ ದೇಶದ ಕಾನೂನಿನ ಮೇಲೆ 1765ರಿಂದ 1769ರೊಳಗೆ ನಾಲ್ಕು ಸಂಪುಟಗಳ ಭಾಷ್ಯವನ್ನು ಪ್ರಕಟಿಸಿದನು. ಸಮುದ್ರದಾಚೆಯ ದೇಶಗಳು ಇಂಗ್ಲೆಂಡಿನ ದೊರೆಯ ವಶಕ್ಕೆ ಬರುವ ಬಗೆಗಳನ್ನು ಅವನು ಅಲ್ಲಿ ವಿಂಗಡಿಸಿದ್ದಾನೆ. ಮೊದಲನೆಯದು, ಬರಿದಾಗಿ ಸಾಗುವಳಿಯಿಲ್ಲದೆ ಬಿದ್ದಿರುವ ನೆಲಕ್ಕೆ ಹೋಗಿ ನೆಲಸುವುದು. ಎರಡನೆಯದು, ಆಗಲೇ ಜನರು ಸಾಗುವಳಿ ಮಾಡಿಕೊಂಡಿರುವ ದೇಶವನ್ನು ಯುದ್ಧದಲ್ಲಿ ಗೆಲ್ಲುವುದು ಅಥವಾ ಕರಾರಿನಿಂದ ಪಡೆಯುವುದು.

ಈ ವಿಂಗಡಣೆ ಮೇಲುನೋಟಕ್ಕೆ ಪಂಡಿತರ ಲೆಕ್ಕಾಚಾರದಂತೆ ಕಾಣುತ್ತದೆ. ಆದರೆ ಅದರ ಪರಿಣಾಮ ದೊಡ್ಡದು. ಗೆದ್ದ ಅಥವಾ ಕರಾರಿನಿಂದ ಬಂದ ದೇಶದಲ್ಲಿ, ದೊರೆ ಬದಲಾಯಿಸುವವರೆಗೆ ಹಳೆಯ ಕಾನೂನೇ ನಡೆಯಬೇಕು. ಎಂದರೆ ಹಳೆಯ ಒಡೆಯರೂ ಇದ್ದಾರೆ ಎಂದಾಯಿತು. ಬರಿದಾದ ನೆಲದಲ್ಲಿಯಾದರೋ ಹಳೆಯ ಕಾನೂನೂ ಇಲ್ಲ, ಹಳೆಯ ಒಡೆಯನೂ ಇಲ್ಲ. ಬಂದವರ ಜೊತೆಯಲ್ಲಿಯೇ ಇಂಗ್ಲೀಷ್ ಕಾನೂನು ದಡ ಹತ್ತುತ್ತದೆ. ಅಳೆದ ನೆಲ, ಅಳೆಯದ ನೆಲ ಎಲ್ಲವೂ ಮೊದಲ ದಿನದಿಂದಲೇ ದೊರೆಯ ಸ್ವತ್ತಾಗುತ್ತದೆ. ಆದುದರಿಂದ ಒಂದು ದೇಶವನ್ನು ಯಾವ ಪಟ್ಟಿಗೆ ಸೇರಿಸಿದರು ಎಂಬುದರ ಮೇಲೆಯೇ ಅಲ್ಲಿನ ಜನರ ಹಣೆಬರಹ ನಿಂತಿತ್ತು.

2. ಕಂಡದ್ದು ಒಂದು, ಬರೆದದ್ದು ಒಂದು

1768ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ಕನು ಹೊರಟಾಗ ನೌಕಾ ಇಲಾಖೆಯವರು ಅವನಿಗೆ ಗುಪ್ತ ಸೂಚನೆಗಳನ್ನು ಕೊಟ್ಟಿದ್ದರು. ಜನರಿದ್ದರೆ ಅವರ ಸಮ್ಮತಿ ಪಡೆದು ನೆಲವನ್ನು ವಶಪಡಿಸಿಕೊಳ್ಳಬೇಕು. ಜನರೇ ಇಲ್ಲದಿದ್ದರೆ ಮೊದಲು ಕಂಡವರೆಂಬ ಹಕ್ಕಿನಿಂದ ವಶಪಡಿಸಿಕೊಳ್ಳಬಹುದು. ಇದು ಅವುಗಳ ಸಾರ. ಕುಕ್ಕನು ಪೂರ್ವ ಕರಾವಳಿಯುದ್ದಕ್ಕೂ ಜನರನ್ನು ಕಂಡನು, ಅವರ ಬೆಂಕಿಯ ಹೊಗೆಯನ್ನು ಕಂಡನು. ಆದರೂ 1770ನೆಯ ಇಸವಿ ಆಗಸ್ಟ್ 22ರಂದು ಉತ್ತರ ತುದಿಯ ಒಂದು ಚಿಕ್ಕ ದ್ವೀಪದಲ್ಲಿ ಧ್ವಜ ಏರಿಸಿ, ಯಾರ ಸಮ್ಮತಿಯನ್ನೂ ಕೇಳದೆ, ಇಡೀ ಪೂರ್ವ ಕರಾವಳಿ ದೊರೆಯದೆಂದು ಸಾರಿದನು. ಜೊತೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನು ಕರಾವಳಿಯಲ್ಲಿ ಜನ ವಿರಳವೆಂದೂ ತಾನು ಕಾಲಿಡದ ಒಳನಾಡು ಬರಿದೇ ಇರಬೇಕೆಂದೂ ಊಹಿಸಿ ಬರೆದನು.

1788ನೆಯ ಇಸವಿ ಜನವರಿ 26ರಂದು ಗವರ್ನರ್ ಆರ್ಥರ್ ಫಿಲಿಪ್ಪನು ಹನ್ನೊಂದು ಹಡಗುಗಳಲ್ಲಿ ಬಂದ ಕೈದಿಗಳೊಡನೆ, ಸಿಪಾಯಿಗಳೊಡನೆ ಸಿಡ್ನಿಯಲ್ಲಿ ವಸಾಹತು ಹೂಡಿದನು. ಊಹಿಸಿದ್ದಕ್ಕಿಂತ ಹೆಚ್ಚು ಜನ ಇಲ್ಲಿದ್ದಾರೆಂದು ಅವನೇ ಬೇಗನೆ ಲಂಡನ್ನಿಗೆ ಬರೆಯಬೇಕಾಯಿತು. ಊಹೆ ತಪ್ಪೆಂದು ತಿಳಿದಮೇಲೆ ಅದರ ಮೇಲೆ ಕಟ್ಟಿದ ವ್ಯವಸ್ಥೆಯನ್ನು ತಿದ್ದಬೇಕಾಗಿತ್ತಲ್ಲವೆ? ಯಾರೂ ತಿದ್ದಲಿಲ್ಲ. ಯಾವ ಕರಾರೂ ಆಗಲಿಲ್ಲ. ಗವರ್ನರರು ನೆಲವನ್ನು ಹಂಚತೊಡಗಿದರು.

‘ಟೆರ್ರಾ ನಲ್ಲಿಯಸ್’ ಎಂಬ ಲ್ಯಾಟಿನ್ ಮಾತನ್ನು ಈ ಸಂದರ್ಭದಲ್ಲಿ ಬಳಸುವುದುಂಟು. ಅದರ ಅರ್ಥ ‘ಯಾರದೂ ಅಲ್ಲದ ನೆಲ’. ಫಿಲಿಪ್ಪನ ಕಾಲದ ಆಜ್ಞೆಗಳಲ್ಲಿ ಆ ಮಾತು ಇರಲಿಲ್ಲ. ಆಗಿನ ನಡತೆಗೆ ಮುಂದಿನವರು ಇಟ್ಟ ಹೆಸರು ಅದು.

3. ಉತ್ತರೆ ಮಾತ್ರ ಒಡೆತನವೆ?

ಜನರಿದ್ದಾರೆಂದು ಕಣ್ಣಾರೆ ಕಂಡ ಮೇಲೂ ನೆಲ ಬರಿದೆಂದು ಹೇಳುವುದು ಹೇಗೆ? ಅದಕ್ಕೆ ತತ್ತ್ವಜ್ಞಾನಿಗಳ ಬೆಂಬಲ ಸಿದ್ಧವಾಗಿತ್ತು. ಮನುಷ್ಯನು ತನ್ನ ದುಡಿಮೆಯನ್ನು ನೆಲದೊಡನೆ ಬೆರೆಸಿದಾಗ ಅದು ಅವನ ಸ್ವತ್ತಾಗುತ್ತದೆ ಎಂದು 17ನೆಯ ಶತಮಾನದಲ್ಲಿ ಜಾನ್ ಲಾಕ್ ವಾದಿಸಿದ್ದನು. ಅಲೆಯುತ್ತ ಬದುಕುವ ಜನರು ತಮಗೆ ಬೇಕಾದುದಕ್ಕಿಂತ ಹೆಚ್ಚು ನೆಲವನ್ನು ಹಿಡಿದಿಟ್ಟುಕೊಳ್ಳಲಾರರು, ಉಳುವ ಜನಾಂಗದವರು ಅದರಲ್ಲಿ ಒಂದು ಪಾಲು ತೆಗೆದುಕೊಳ್ಳಬಹುದು ಎಂದು 1758ರಲ್ಲಿ ವಾಟೆಲ್ ಎಂಬ ಸ್ವಿಸ್ ಪಂಡಿತನು ಬರೆದಿದ್ದನು. ದುಡಿದವನಿಗೆ ನೆಲವೆಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಬೇಲಿ, ನೇಗಿಲು, ಗೋಧಿ ಇವುಗಳನ್ನೇ ದುಡಿಮೆಯೆಂದು ಎಣಿಸಿದರೆ ಉಳಿದ ದುಡಿಮೆಯೆಲ್ಲ ಕಣ್ಣಿಗೆ ಬೀಳುವುದಿಲ್ಲ.

ಆಸ್ಟ್ರೇಲಿಯದಲ್ಲಿ ಮನುಷ್ಯರು ಐವತ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಬಾಳಿದ್ದಾರೆ. ಇಂಗ್ಲೀಷರು ಬಂದಾಗ ಅಲ್ಲಿ ಸುಮಾರು 250 ಭಾಷೆಗಳಿದ್ದುವು. ಯಾವ ಹಳ್ಳದಿಂದ ಯಾವ ಗುಡ್ಡದವರೆಗೆ ಯಾವ ಕುಲದ ನೆಲ, ಅನ್ಯರ ನೆಲಕ್ಕೆ ಹೋಗಬೇಕಾದರೆ ಯಾರ ಅಪ್ಪಣೆ ಬೇಕು ಎಂಬ ಕಟ್ಟಳೆಗಳಿದ್ದುವು. ಋತು ನೋಡಿ ಸಣ್ಣ ಬೆಂಕಿ ಹಾಕಿ ಹುಲ್ಲುಗಾವಲನ್ನು ಹಸನು ಮಾಡುವ ವಿದ್ಯೆ ಇತ್ತು. ಈಗಿನ ವಿಕ್ಟೋರಿಯ ರಾಜ್ಯದ ಬುಜ್ ಬಿಮ್ ಎಂಬಲ್ಲಿ ಗುಂಡಿಟ್ಜ್‌ಮಾರ ಜನರು ಕಲ್ಲಿನ ಕಾಲುವೆ, ಒಡ್ಡುಗಳನ್ನು ಕಟ್ಟಿ ಹಾವುಮೀನು ಸಾಕಿ ಹಿಡಿಯುತ್ತಿದ್ದರು. ಸಾವಿರಾರು ವರ್ಷಗಳ ಆ ಕೆಲಸವನ್ನು ಯುನೆಸ್ಕೋ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

4. ಸುಳ್ಳು ತೀರ್ಪಾದ ಬಗೆ

1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬ ವಲಸೆಗಾರನು ಈಗ ಮೆಲ್ಬರ್ನ್ ನಗರವಿರುವ ಕಡೆ ಬಂದು, ಕೂಲಿನ್ ಜನರ ಹಿರಿಯರೊಡನೆ ಕರಾರು ಮಾಡಿಕೊಂಡೆನೆಂದು ಹೇಳಿದನು. ಕಂಬಳಿ, ಚೂರಿ, ಕನ್ನಡಿ, ಹಿಟ್ಟು ಮುಂತಾದವನ್ನು ಕೊಟ್ಟು ಸುಮಾರು ಆರು ಲಕ್ಷ ಎಕರೆ ಪಡೆದನಂತೆ! ಅದು ನ್ಯಾಯವಾದ ಬೆಲೆಯಲ್ಲ. ಆ ಹಿರಿಯರು ತಾವು ನೆಲವನ್ನು ಮಾರುತ್ತಿದ್ದೇವೆಂದು ತಿಳಿದಿದ್ದರೆಂಬುದೂ ಸಂದೇಹ. ಆದರೆ ಗವರ್ನರ್ ರಿಚರ್ಡ್ ಬರ್ಕನು ಅದೇ ವರ್ಷದ ಆಗಸ್ಟಿನಲ್ಲಿ ಆ ಕರಾರನ್ನು ರದ್ದುಪಡಿಸಿದ್ದು ಆ ಕಾರಣಕ್ಕಲ್ಲ. ನೆಲ ದೊರೆಯದು, ಮೂಲನಿವಾಸಿಗಳಿಂದ ಕೊಂಡೆನೆನ್ನುವವನು ದೊರೆಯ ನೆಲದಲ್ಲಿ ಅತಿಕ್ರಮಣ ಮಾಡಿದವನು ಎಂಬುದು ಅವನ ಘೋಷಣೆಯ ತಾತ್ಪರ್ಯ. ಮಾರುವವನಿಗೆ ಸ್ವತ್ತೇ ಇಲ್ಲವೆಂದ ಮೇಲೆ ಬೆಲೆಯ ಮಾತೆಲ್ಲಿ ಬಂತು?

ಐದು ವರ್ಷಗಳ ತರುವಾಯ, 1840ರಲ್ಲಿ, ಇದೇ ಇಂಗ್ಲೆಂಡು ಪಕ್ಕದ ನ್ಯೂಜಿಲೆಂಡಿನಲ್ಲಿ ಮಾವೊರಿ ಮುಖಂಡರೊಡನೆ ವೈಟಾಂಗಿ ಎಂಬಲ್ಲಿ ಕರಾರಿಗೆ ಸಹಿ ಹಾಕಿತು. ಆದುದರಿಂದ ಮೂಲನಿವಾಸಿಗಳೊಡನೆ ಕರಾರು ಮಾಡಿಕೊಳ್ಳುವುದು ಆ ಕಾಲದವರಿಗೆ ತಿಳಿಯದ ವಿಷಯವೆಂದು ಹೇಳುವಂತಿಲ್ಲ.

1889ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಕೂಪರ್–ಸ್ಟೂಅರ್ಟ್ ಮೊಕದ್ದಮೆ ಬಂದಿತು. ಸಿಡ್ನಿಯ ಒಂದು ಜಮೀನಿನಲ್ಲಿ ಸಾರ್ವಜನಿಕ ಉಪಯೋಗಕ್ಕಾಗಿ ಹತ್ತು ಎಕರೆ ಹಿಂದಕ್ಕೆ ಪಡೆಯುವ ಹಕ್ಕು ಸರಕಾರಕ್ಕೆ ಉಂಟೇ ಎಂಬುದು ಅಲ್ಲಿನ ವ್ಯಾಜ್ಯ. ಮೂಲನಿವಾಸಿಗಳಲ್ಲಿ ಒಬ್ಬರೂ ಅದರಲ್ಲಿ ಕಕ್ಷಿಗಾರರಲ್ಲ. ಅವರ ಪರವಾಗಿ ಮಾತನಾಡುವ ವಕೀಲರೂ ಇರಲಿಲ್ಲ. ಆದರೂ ನ್ಯಾಯಮೂರ್ತಿಗಳು ತೀರ್ಪಿನ ನಡುವೆ, ಆ ದೇಶ ಶಾಂತಿಯಿಂದ ವಶವಾದಾಗ ಅಲ್ಲಿ ನೆಲೆಯಾದ ಜನರೂ ನೆಲೆಯಾದ ಕಾನೂನೂ ಇರಲಿಲ್ಲವೆಂಬ ಅರ್ಥದ ಮಾತು ಹೇಳಿಬಿಟ್ಟರು. ಸಾಕ್ಷಿಯಿಲ್ಲದೆ ನುಡಿದ ಆ ಮಾತು ಕೆಳಗಿನ ನ್ಯಾಯಾಲಯಗಳನ್ನು ನೂರು ವರ್ಷ ಕಟ್ಟಿಹಾಕಿತು.

5. ತೊಗಟೆಯ ಮೇಲೆ ಬರೆದ ಅರ್ಜಿ

ಕಟ್ಟು ಎಷ್ಟು ಬಿಗಿಯಾಗಿತ್ತೆಂಬುದನ್ನು ಉತ್ತರ ಆಸ್ಟ್ರೇಲಿಯದ ಗೋವ್ ಪರ್ಯಾಯದ್ವೀಪದ ಕಥೆಯಿಂದ ತಿಳಿಯಬಹುದು. ಅಲ್ಲಿಯ ಯೊಲ್ಙು ಜನರ ನೆಲದಲ್ಲಿ ಅಲ್ಯೂಮಿನಿಯಂ ತಯಾರಿಕೆಗೆ ಬೇಕಾದ ಬಾಕ್ಸೈಟ್ ಅದಿರು ಸಿಕ್ಕಿತು. 1963ರಲ್ಲಿ ಸರಕಾರ ಅವರನ್ನು ಕೇಳದೆ ಗಣಿಗಾಗಿ ನೆಲವನ್ನು ಬೇರ್ಪಡಿಸಿತು. ಯೊಲ್ಙು ಹಿರಿಯರು ತಮ್ಮ ಭಾಷೆಯಲ್ಲಿಯೂ ಇಂಗ್ಲೀಷಿನಲ್ಲಿಯೂ ಅರ್ಜಿ ಸಿದ್ಧಪಡಿಸಿ, ಮರದ ತೊಗಟೆಯ ಹಲಗೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲದ ಚಿತ್ರಗಳನ್ನು ಬರೆದು ಸಂಸತ್ತಿಗೆ ಕಳುಹಿದರು. ಅವರ ಮಟ್ಟಿಗೆ ಆ ಚಿತ್ರಗಳೇ ನೆಲದ ಹಕ್ಕುಪತ್ರ.

ಗಣಿ ನಿಲ್ಲಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1971ರಲ್ಲಿ ನ್ಯಾಯಮೂರ್ತಿ ಬ್ಲಾಕ್‌ಬರ್ನ್ ತೀರ್ಪು ಕೊಟ್ಟರು. ಈ ಜನರಿಗೆ ಕಾನೂನಿದೆ, ಅದು ಸೂಕ್ಷ್ಮವಾದುದು, ಒಬ್ಬರ ಮನಬಂದಂತೆ ನಡೆಯುವಂಥದಲ್ಲ ಎಂದು ಅವರು ಸಾಕ್ಷ್ಯ ಕೇಳಿ ಒಪ್ಪಿಕೊಂಡರು. ಒಪ್ಪಿಕೊಂಡೂ ಮೊಕದ್ದಮೆಯನ್ನು ವಜಾ ಮಾಡಿದರು. ಆ ಕಟ್ಟಳೆ ಇಂಗ್ಲೀಷ್ ಕಾನೂನು ಹೇಳುವ ‘ಸ್ವತ್ತು’ ಅಲ್ಲವೆಂದೂ, ದೇಶ ಯಾವ ಪಟ್ಟಿಗೆ ಸೇರಿತೆಂಬುದು ಹಿಂದೆಯೇ ತೀರ್ಮಾನವಾದ ವಿಷಯವಾದ್ದರಿಂದ ಅದನ್ನು ತಾವು ಮತ್ತೆ ತೆರೆಯಲಾಗದೆಂದೂ ಅವರು ಹೇಳಿದರು. ನ್ಯಾಯಾಧೀಶರಲ್ಲಿ ದ್ವೇಷವಿರಲಿಲ್ಲ. ದ್ವೇಷವಿಲ್ಲದವರ ಕೈಯಿಂದಲೂ ಅನ್ಯಾಯ ಮಾಡಿಸುವ ಶಕ್ತಿ ಹಳೆಯ ತೀರ್ಪಿಗಿತ್ತು.

6. ಮಾಬೋ ಎಂಬ ತೋಟಗಾರ

ಈ ಕಟ್ಟನ್ನು ಕಡಿದವರು ದೊಡ್ಡ ಪಂಡಿತರೇನೂ ಅಲ್ಲ. ಎಡ್ಡಿ ಕೊಯಿಕಿ ಮಾಬೋ 1936ರಲ್ಲಿ ಆಸ್ಟ್ರೇಲಿಯಕ್ಕೂ ನ್ಯೂಗಿನಿಗೂ ನಡುವಿನ ಟಾರಸ್ ಜಲಸಂಧಿಯ ಮೇರ್ ದ್ವೀಪದಲ್ಲಿ ಹುಟ್ಟಿದರು. ಕ್ವೀನ್ಸ್‌ಲೆಂಡ್ ಸರಕಾರ 1879ರಲ್ಲಿ ಆ ದ್ವೀಪವನ್ನು ತನ್ನ ಸೀಮೆಗೆ ಸೇರಿಸಿಕೊಂಡಿತ್ತು. ಮಾಬೋ ಚಿಕ್ಕಂದಿನಲ್ಲಿಯೇ ದುಡಿಮೆಗಾಗಿ ಊರು ಬಿಟ್ಟು, ಮುತ್ತಿನ ಚಿಪ್ಪು ತೆಗೆಯುವ ದೋಣಿಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ, ರೈಲುದಾರಿಯಲ್ಲಿ ಕೂಲಿ ಮಾಡಿ, ಕೊನೆಗೆ ಟೌನ್ಸ್‌ವಿಲ್ ನಗರದ ವಿಶ್ವವಿದ್ಯಾನಿಲಯದಲ್ಲಿ ತೋಟದ ಕೆಲಸಕ್ಕೆ ಸೇರಿದರು. ಊರಿನ ನೆಲ ತನ್ನದು, ಒಂದು ದಿನ ಹಿಂದಿರುಗುವೆನೆಂಬ ನೆಚ್ಚಿಕೆ ಅವರಿಗೆ ಇತ್ತು. ಅಲ್ಲಿಯ ಇತಿಹಾಸದ ಅಧ್ಯಾಪಕರಾದ ಹೆನ್ರಿ ರೆನಾಲ್ಡ್ಸ್ ಮತ್ತು ನೋಯೆಲ್ ಲೂಸ್ ಒಂದು ದಿನ ಮಾತಿನ ನಡುವೆ, ಕಾಗದದ ಮಟ್ಟಿಗೆ ಆ ನೆಲ ಅವರದಲ್ಲ, ಸರಕಾರದ್ದು ಎಂದು ತಿಳಿಸಿದರು. ಮಾಬೋ ದಿಗ್ಭ್ರಮೆಗೊಂಡರು. ಊರಿನಲ್ಲಿ ನೆಲವುಳ್ಳ ಪರಸ್ಥಳದ ದುಡಿಮೆಗಾರನಿಗೆ ಅದೆಂಥ ಮಾತೆಂಬುದು ನಮ್ಮ ಓದುಗರಿಗೆ ಗೊತ್ತು.

1982ರಲ್ಲಿ ಮಾಬೋ ಮತ್ತು ಅವರ ದ್ವೀಪದ ಇನ್ನು ನಾಲ್ವರು ದೇಶದ ಅತ್ಯುಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮೇರ್ ದ್ವೀಪದಲ್ಲಿ ಮನೆಮನೆಗೂ ಎಲ್ಲೆಯಿರುವ ತೋಟಗಳಿದ್ದುವು. ಅನ್ಯರ ತೋಟದ ಮೇಲೆ ಕೈ ಹಾಕಬಾರದೆಂದು ಮಲೋ ಎಂಬ ದೈವದ ಹೆಸರಿನಲ್ಲಿ ಕಟ್ಟಳೆಯೂ ಇತ್ತು. ಉಳದವರಿಗೆ ಒಡೆತನವಿಲ್ಲವೆಂಬ ಹಳೆಯ ವಾದ ಅಲ್ಲಿ ನಿಲ್ಲುವಂತಿರಲಿಲ್ಲ. 1985ರಲ್ಲಿ ಕ್ವೀನ್ಸ್‌ಲೆಂಡ್ ಸರಕಾರ, ದ್ವೀಪದವರ ಹಕ್ಕುಗಳೇನಾದರೂ ಇದ್ದಿದ್ದರೆ ಅವು 1879ರಲ್ಲಿಯೇ ಅಳಿದುವೆಂದು ಹಿಂದಿನಿಂದ ಅನ್ವಯಿಸುವ ಕಾಯಿದೆ ಮಾಡಿತು. ಅದು ವರ್ಣಭೇದ ನಿಷೇಧಿಸುವ 1975ರ ಕೇಂದ್ರ ಕಾಯಿದೆಗೆ ವಿರುದ್ಧವೆಂದು ಅತ್ಯುಚ್ಚ ನ್ಯಾಯಾಲಯ 1988ರಲ್ಲಿ ತಳ್ಳಿಹಾಕಿತು.

1992ನೆಯ ಇಸವಿ ಜೂನ್ 3ರಂದು, ಏಳು ಮಂದಿ ನ್ಯಾಯಮೂರ್ತಿಗಳಲ್ಲಿ ಆರು ಮಂದಿಯ ಬಹುಮತದಿಂದ ತೀರ್ಪು ಬಂದಿತು. ಆಳುವ ಅಧಿಕಾರ ಬೇರೆ, ನೆಲದ ಒಡೆತನ ಬೇರೆ. ದೊರೆಯ ಧ್ವಜ ಏರಿದ ಮಾತ್ರಕ್ಕೆ ಅಲ್ಲಿದ್ದವರ ಹಕ್ಕು ತಾನಾಗಿ ಅಳಿಯಲಿಲ್ಲ ಎಂಬುದು ಅದರ ತಿರುಳು. ನೆಲ ಯಾರದೂ ಆಗಿರಲಿಲ್ಲವೆಂಬ ನಂಬಿಕೆಯನ್ನು ನ್ಯಾಯಾಲಯ ಕೈಬಿಟ್ಟಿತು. ಆ ತೀರ್ಪನ್ನು ಕೇಳಲು ಮಾಬೋ ಇರಲಿಲ್ಲ. ಅವರು ಅದೇ ಜನವರಿಯಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು.

7. ತೀರ್ಪಿನ ತರುವಾಯ

ಇಲ್ಲಿಗೆ ಕಥೆ ಮುಗಿಯಿತೆಂದು ಭಾವಿಸಬಾರದು. ಪಾಠದ ಮುಖ್ಯ ಭಾಗ ಇನ್ನು ಮುಂದಿದೆ.

ಹಕ್ಕು ತಾನಾಗಿ ಅಳಿಯಲಿಲ್ಲವೆಂದ ನ್ಯಾಯಾಲಯವೇ, ಸರಕಾರ ನೆಲವನ್ನು ಖಾಸಗಿಯವರಿಗೆ ಪೂರ್ಣ ಒಡೆತನಕ್ಕೆ ಕೊಟ್ಟಿರುವ ಕಡೆಯಲ್ಲೆಲ್ಲ ಅಳಿದಿದೆಯೆಂದೂ ಹೇಳಿತು. ಎಂದರೆ ನಗರಗಳು, ಒಳ್ಳೆಯ ಹೊಲಗಳು ಮುಂತಾದುವುಗಳ ಪ್ರಶ್ನೆ ಮುಗಿದಂತಾಯಿತು. 1993ರಲ್ಲಿ ಮೂಲಹಕ್ಕಿನ ಕಾಯಿದೆ ಬಂದಿತು. ದನ ಕುರಿ ಮೇಯಿಸಲು ಗುತ್ತಿಗೆ ಕೊಟ್ಟ ವಿಶಾಲವಾದ ನೆಲಗಳಲ್ಲಿ ಗುತ್ತಿಗೆದಾರನ ಹಕ್ಕಿನೊಡನೆ ಮೂಲನಿವಾಸಿಗಳ ಹಕ್ಕೂ ಉಳಿದಿರಬಹುದೆಂದು 1996ರ ವಿಕ್ ಮೊಕದ್ದಮೆಯಲ್ಲಿ ತೀರ್ಪಾಯಿತು. 1998ರಲ್ಲಿ ಸರಕಾರ ಕಾಯಿದೆಯನ್ನು ತಿದ್ದಿ ಆ ಹಕ್ಕುಗಳನ್ನು ಮೊಟಕುಗೊಳಿಸಿತು.

ಇನ್ನು ರುಜುವಾತಿನ ಭಾರವಾದರೋ ಕೇಳುವವರ ತಲೆಯ ಮೇಲೆಯೇ ಬಿದ್ದಿತು. ಇಂಗ್ಲೀಷರು ಬಂದಂದಿನಿಂದ ಇಂದಿನವರೆಗೆ ತಮ್ಮ ಕಟ್ಟಳೆಗಳನ್ನು ಎಡೆಬಿಡದೆ ನಡೆಸಿಕೊಂಡು ಬಂದಿದ್ದೇವೆಂದು ಅವರು ತೋರಿಸಬೇಕು. ಮರ್ರೆ ನದಿಯ ದಂಡೆಯ ಯೊರ್ತಾ ಯೊರ್ತಾ ಜನರು ದಾವೆ ಹೂಡಿದಾಗ, ಅವರ ಸಂಪ್ರದಾಯ 19ನೆಯ ಶತಮಾನದಲ್ಲಿಯೇ ಕಡಿದುಹೋಗಿದೆಯೆಂದು ವಿಚಾರಣೆಯ ನ್ಯಾಯಾಧೀಶರು 1998ರಲ್ಲಿ ತೀರ್ಮಾನಿಸಿದರು. 2002ರಲ್ಲಿ ಅತ್ಯುಚ್ಚ ನ್ಯಾಯಾಲಯವೂ ಅವರ ಮನವಿಯನ್ನು ತಿರಸ್ಕರಿಸಿತು. ಕಡಿದವರು ಯಾರು? ನೆಲದಿಂದ ಎಬ್ಬಿಸಿ, ಭಾಷೆ ಆಚಾರಗಳನ್ನು ಬಿಡಿಸಿದವರು ವಲಸೆಗಾರರು ಮತ್ತು ಅವರ ಸರಕಾರ. ಹೆಚ್ಚು ಕಳೆದುಕೊಂಡವರಿಗೆ ರುಜುವಾತು ಕಡಿಮೆ, ಆದುದರಿಂದ ಪರಿಹಾರವೂ ಕಡಿಮೆ ಎಂಬ ವಿಪರೀತ ಇದರಿಂದ ಉಂಟಾಯಿತು.

ಹಾಗೆಂದು ಹೋರಾಟ ವ್ಯರ್ಥವಾಯಿತೆಂದೂ ಹೇಳುವಂತಿಲ್ಲ. 2019ರಲ್ಲಿ ಟಿಂಬರ್ ಕ್ರೀಕ್ ಎಂಬ ಚಿಕ್ಕ ಊರಿನ ಮೊಕದ್ದಮೆಯಲ್ಲಿ ಅತ್ಯುಚ್ಚ ನ್ಯಾಯಾಲಯ ಸುಮಾರು 25 ಲಕ್ಷ ಡಾಲರು ಪರಿಹಾರ ಕೊಡಿಸಿತು. ಅದರಲ್ಲಿ 13 ಲಕ್ಷ, ನೆಲದೊಡನೆ ಇದ್ದ ಧಾರ್ಮಿಕ ಮತ್ತು ಸಾಂಸ್ಕೃತಿಕ ಸಂಬಂಧ ಕಡಿದದ್ದಕ್ಕಾಗಿ. 2025ರ ಮಾರ್ಚಿನಲ್ಲಿ ಅದೇ ಗೋವ್ ಪರ್ಯಾಯದ್ವೀಪದ ಗುಮಾಜ್ ಕುಲದವರ ಮೊಕದ್ದಮೆಯಲ್ಲಿ, ಕೇಂದ್ರ ಸರಕಾರ ಮೂಲಹಕ್ಕನ್ನು ಅಳಿಸಿದ್ದರೆ ಅದು ಸ್ವತ್ತನ್ನು ವಶಪಡಿಸಿಕೊಂಡಂತೆಯೇ, ರಾಜ್ಯಾಂಗದ ಪ್ರಕಾರ ನ್ಯಾಯವಾದ ಪರಿಹಾರ ಕೊಡಬೇಕು ಎಂದು ಅದೇ ನ್ಯಾಯಾಲಯ ಹೇಳಿತು. 1971ರಲ್ಲಿ ‘ಸ್ವತ್ತೇ ಅಲ್ಲ’ ಎನ್ನಿಸಿಕೊಂಡದ್ದು ‘ಸ್ವತ್ತು’ ಎನ್ನಿಸಿಕೊಳ್ಳಲು 54 ವರ್ಷ ಹಿಡಿಯಿತು.

8. ನಮ್ಮ ಕಾಡುಗಳ ಮಾತು

ಭಾರತದಲ್ಲಿ ಇಂಗ್ಲೀಷರು ‘ಯಾರದೂ ಅಲ್ಲದ ನೆಲ’ ಎನ್ನಲಿಲ್ಲ. ಇಲ್ಲಿ ರಾಜರಿದ್ದರು, ಕಂದಾಯದ ಲೆಕ್ಕವಿತ್ತು. ಆದರೆ ಉಳದ ನೆಲಕ್ಕೆ ಒಡೆಯನಿಲ್ಲವೆಂಬ ವಿಚಾರ ಕಾಡುಗಳ ಮೇಲೆ ಬಂದು ಕೂತಿತು. ಉಳುಮೆಯಾಗದ ನೆಲವೆಲ್ಲ ಹಿಂದಿನ ರಾಜರದಾಗಿತ್ತು, ಈಗ ಸರಕಾರದ್ದು. ಕಾಡಿನ ಜನರು ಮಾಡಿಕೊಂಡು ಬಂದದ್ದು ಹಕ್ಕಲ್ಲ, ರಿಯಾಯಿತಿ ಮಾತ್ರ ಎಂದು ಬೇಡನ್-ಪೊವೆಲ್ ಎಂಬ ಅಧಿಕಾರಿ ವಾದಿಸಿದನು. ಮದ್ರಾಸಿನ ಕಂದಾಯ ಮಂಡಲಿಯವರು ಇದನ್ನು ಒಪ್ಪದೆ, ಹಳ್ಳಿಗರ ಬಳಕೆಯೇ ಹಕ್ಕೆಂದು ಆಕ್ಷೇಪಿಸಿದರು. ಆದರೂ 1878ರ ಅರಣ್ಯ ಕಾಯಿದೆ ಬೇಡನ್-ಪೊವೆಲ್ಲನ ಕಡೆಗೇ ವಾಲಿತು. 1927ರ ಕಾಯಿದೆ ಅದೇ ಜಾಡಿನಲ್ಲಿ ನಡೆಯಿತು. ಕೆನರಾ ಜಿಲ್ಲೆಯ ಕುಮರಿ ಬೇಸಾಯಕ್ಕೆ ಅದಕ್ಕೂ ಮುಂಚೆಯೇ ಅಡ್ಡಿ ಬಂದಿತ್ತು.

ಕಾಡಿನಲ್ಲಿ ವಾಸಿಸುವವರಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು 2006ರ ಅರಣ್ಯ ಹಕ್ಕುಗಳ ಕಾಯಿದೆ ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅದರ ಪ್ರಕಾರ 2011ರಲ್ಲಿ ಸಮುದಾಯದ ಹಕ್ಕು ದೊರೆಯಿತು. ತರಗುಬೆಂಕಿ ಹಾಕಿ ಕಾಡನ್ನು ಹಸನು ಮಾಡುವ ಅವರ ಪದ್ಧತಿಯನ್ನು ಅರಣ್ಯ ಇಲಾಖೆ ನಿಷೇಧಿಸಿತ್ತು. ಲಂಟಾನದ ಪೊದೆ ಕಾಡನ್ನು ಕವಿದದ್ದು ಅದರಿಂದಲೇ ಎಂದು ಸೋಲಿಗರು ಹೇಳುತ್ತಾರೆ. ಇಲ್ಲಿಯೂ ರುಜುವಾತಿನ ಭಾರ ತಪ್ಪಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ಕ್ಕೆ ಮುಂಚೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ಬಾಳಿದ್ದನ್ನು ತೋರಿಸಬೇಕು. ಕಾಗದವನ್ನೇ ಕಾಣದಿದ್ದ ಅಜ್ಜನ ಬಾಳಿಗೆ ಮೊಮ್ಮಗ ಸಾಕ್ಷ್ಯ ತರಬೇಕಾಗಿದೆ.

ಈ ಪಾಠದಿಂದ ನಾವು ತಿಳಿಯಬೇಕಾದುದು ಇಷ್ಟು. ದಾಖಲೆಯನ್ನು ಗೌರವಿಸುವುದು ಒಳ್ಳೆಯದೇ. ನಮ್ಮಂಥವರಿಗೆ ಅದೇ ಆಸರೆ. ಆದರೆ ದಾಖಲೆಯಲ್ಲಿ ಹೆಸರಿಲ್ಲದವನಿಗೆ ಹಕ್ಕೂ ಇಲ್ಲವೆಂದು ನಿರ್ಣಯಿಸುವ ಮೊದಲು, ಆ ದಾಖಲೆಯನ್ನು ಮೊದಲು ಬರೆದವರು ಯಾರು, ಬರೆಯುವಾಗ ಯಾರನ್ನು ಕೇಳಲಿಲ್ಲ ಎಂದು ವಿಚಾರಿಸಬೇಕು. ಇಂಥ ವಿಚಾರಣೆ ವಿದ್ವಾಂಸರ ಗುತ್ತಿಗೆಯಲ್ಲ. ಒಬ್ಬ ತೋಟಗಾರನು ಅದನ್ನು ಕೇಳಿ ಒಂದು ದೇಶದ ಕಾನೂನನ್ನೇ ತಿದ್ದಿಸಿದನು.

ಅಭ್ಯಾಸಕ್ಕೆ ಪ್ರಶ್ನೆಗಳು

(1) ‘ಬರಿದಾದ ನೆಲ’ ಮತ್ತು ‘ಗೆದ್ದ ದೇಶ’ ಎಂಬ ವಿಂಗಡಣೆಯಿಂದ ಮೂಲನಿವಾಸಿಗಳ ಹಕ್ಕಿಗೆ ಏನು ವ್ಯತ್ಯಾಸವಾಯಿತು?

(2) 1971ರ ನ್ಯಾಯಮೂರ್ತಿಗಳು ಯೊಲ್ಙು ಜನರ ಕಾನೂನನ್ನು ಒಪ್ಪಿಯೂ ನೆಲವನ್ನು ಏಕೆ ಕೊಡಿಸಲಿಲ್ಲ?

(3) ರುಜುವಾತಿನ ಭಾರವನ್ನು ಯಾರ ಮೇಲೆ ಹೊರಿಸುವುದು ನ್ಯಾಯ? ನಿಮ್ಮ ಊರಿನ ಕಡೆಯ ಒಂದು ಉದಾಹರಣೆಯೊಂದಿಗೆ ವಿಚಾರಿಸಿರಿ.